ಎಡಗೈಯ ಅಕ್ಷರಗಳು

ಗುರುವಾರ ಬೆಳಗ್ಗೆ ಹತ್ತೂಕಾಲಿಗೆ ಡಾಕ್ಟರ್ ಹರಲಾನೋವಾ ಆಸ್ಪತ್ರೆಯಿಂದ ಫೋನ್ ಮಾಡಿದರು. ನಾನು ಚೀಸ್ ತುಂಬಿ ಸುಟ್ಟ ಬಾನಿತ್ಸಾದ ತಟ್ಟೆ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೆ. ಗಂಡ ಲಕ್ವ ಹೊಡೆದು ಆಸ್ಪತ್ರೆ ಸೇರಿದ ಮೇಲೆ ಮೂರು ದಿನದಿಂದ ಹೊಟ್ಟೆಗೆ ಸರಿಯಾಗಿ ಏನೂ ಹೋಗಿರಲಿಲ್ಲ. ಒಂದು ತುಂಡಾದರೂ ತಿನ್ನೋಣವೆಂದು ಕೂರುವಷ್ಟರಲ್ಲಿ ಇದು.

"ರಾಯ್ನಾ ಅವರೇ, ನಿಮ್ಮ ಯಜಮಾನರ ತಲೆಯೊಳಗೆ ಒಂದು ಲೋಹದ ಕ್ಲಿಪ್ ಇದೆ. ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ಲದೆ ಏನು ಡಾಕ್ಟ್ರೇ? ಹತ್ತೊಂಬತ್ತು ವರ್ಷದ ಹಿಂದೆ ಸೋಫಿಯಾದಲ್ಲಿ ಹಾಕಿಸ್ಕೊಂಡು ಬಂದಿದ್ದು. ರಕ್ತನಾಳ ಉಬ್ಬಿದೆ ಅಂದಿದ್ರು."

"ಅದು ಯಾವ ಲೋಹ?"

"ನನಗೆ ಹೇಗೆ ಗೊತ್ತಾಗ್ಬೇಕು? ನಾನೇನು ಕಮ್ಮಾರನ ಮಗಳಾ?"

ಆಕೆ ನಗಲಿಲ್ಲ. ನನ್ನ ಬಾಯಿ ಹಾಗೆ. ಹೆದರಿಕೆಯಾದಾಗಲೇ ಅದಕ್ಕೆ ಕೊಬ್ಬು ಜಾಸ್ತಿ.

"ಕೇಳಿ. ಇವತ್ತು ಅವರಿಗೆ ಎಂಆರ್‌ಐ ಆಗ್ಬೇಕು. ಅದು ದೊಡ್ಡ ಆಯಸ್ಕಾಂತ. ಕ್ಲಿಪ್ ಟೈಟೇನಿಯಂ ಆಗಿದ್ರೆ ಏನೂ ತೊಂದರೆ ಇಲ್ಲ. ಹಳೇ ಉಕ್ಕಾಗಿದ್ರೆ ಆಯಸ್ಕಾಂತ ಎಳೆಯುತ್ತೆ, ನಾಳ ಹರಿದುಹೋಗುತ್ತೆ. ಆಗಿನ ಆಸ್ಪತ್ರೆಯ ಬಿಡುಗಡೆ ಪತ್ರ ನೋಡದೆ ನಾನು ಅವರನ್ನ ಒಳಗೆ ಮಲಗಿಸಲ್ಲ. ಮಲಗಿಸದೆ, ಎಲ್ಲಿ ಆಪರೇಷನ್ ಮಾಡ್ಬೇಕು ಅಂತ ಗೊತ್ತಾಗಲ್ಲ. ಯಂತ್ರ ನಮಗೆ ಮಧ್ಯಾಹ್ನ ಒಂದು ಗಂಟೆಗೆ ಸಿಗುತ್ತೆ. ಬಿಟ್ರೆ ಸೋಮವಾರ."

"ಸೋಮವಾರ ಆದ್ರೆ?"

"ಸೋಮವಾರದವರೆಗೆ ಅವರು ತಡ್ಕೋತಾರೆ ಅಂತ ನಾನು ಮಾತು ಕೊಡಲ್ಲ. ಒಂದು ಗಂಟೆಗೆ ಮುಂಚೆ ಕಾಗದದ ಫೋಟೋ ಕಳಿಸಿ."

ತಟ್ಟೆ ಮೇಜಿನ ಮೇಲಿಟ್ಟೆ. ಆ ಕಾಗದ ಮನೆಯಲ್ಲಿ ಇರಲಿಲ್ಲ.

ನಮ್ಮ ಗಾಬ್ರೊವೊ ಊರಿನವರು ಬೆಕ್ಕಿನ ಬಾಲ ಕತ್ತರಿಸುವವರು ಎಂದು ದೇಶವೆಲ್ಲ ಆಡಿಕೊಳ್ಳುತ್ತದೆ. ಚಳಿಗಾಲದಲ್ಲಿ ಬೆಕ್ಕು ಹೊರಗೆ ಹೋಗುವಾಗ ಬಾಗಿಲು ಬೇಗ ಮುಚ್ಚಬಹುದಂತೆ, ಬೆಚ್ಚಗಿನ ಗಾಳಿ ಉಳಿಯುತ್ತದಂತೆ. ನನ್ನ ಗಂಡ ಗೆಂಚೋ ಬೆಕ್ಕಿನ ತಂಟೆಗೆ ಹೋಗಲಿಲ್ಲ, ಕಪಾಟಿನ ಬಾಲ ಕತ್ತರಿಸಿದ. ಹೋದ ಚಳಿಗಾಲ ಮನೆಯ ಕಾಗದಪತ್ರವನ್ನೆಲ್ಲ ಒಂದೊಂದಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನೊಳಗೆ ಇಟ್ಟು, ಅಸಲನ್ನು ಎರಡು ಚೀಲ ತುಂಬಿ ರದ್ದಿಯವರಿಗೆ ಕೊಟ್ಟು ಬಂದ. ಬದಲಿಗೆ ಎಂಟು ಸುರುಳಿ ಶೌಚದ ಕಾಗದ ತಂದಿದ್ದ. ಅವನ ತಲೆಯ ಚರಿತ್ರೆಯೆಲ್ಲ ನಾವು ಅದಾಗಲೇ ಬಳಸಿ ಮುಗಿಸಿದ್ದೆವು. ಆಪರೇಷನ್ ಮಾಡಿದ ಆ ಚಿಕಿತ್ಸಾಲಯವೂ ಈಗಿಲ್ಲ. ಅಲ್ಲಿ ಸೋಫಾ ಮಾರುತ್ತಾರೆ.

ಉಳಿದದ್ದು ಕಂಪ್ಯೂಟರ್ ಒಂದೇ.

ಅದು ಚಿಕ್ಕ ಕೋಣೆಯಲ್ಲಿ, ಕಿಟಕಿಯ ಪಕ್ಕ ಇದೆ. ಒಂದೇ ಪೆಟ್ಟಿಗೆಯಲ್ಲಿ ಎರಡು ಸಂಸಾರ. ಗುಂಡಿ ಒತ್ತಿದರೆ ಕಪ್ಪು ತೆರೆಯ ಮೇಲೆ ಎರಡು ಸಾಲಿನ ಪಟ್ಟಿ ಬರುತ್ತಿತ್ತು. ಮೇಲಿನ ಸಾಲು ಗೆಂಚೋ ತಾನೇ ಹಾಕಿಕೊಂಡ ಲಿನಕ್ಸ್ ವ್ಯವಸ್ಥೆ, ಕೆಳಗಿನದು ಅಂಗಡಿಯವರು ಮೊದಲೇ ಹಾಕಿಕೊಟ್ಟಿದ್ದು, ಅದು ನನ್ನ ಪಾಲು. ನನ್ನ ಪಾಲಿನಲ್ಲಿ ಇಸ್ಪೀಟು, ಧಾರಾವಾಹಿ, ಅಡುಗೆಯ ವಿಡಿಯೋ. ಎಲ್ಲ ಮೌಸಿನಲ್ಲೇ ಆಗುವ ಕೆಲಸ. ಕೀಲಿಮಣೆ ಮುಟ್ಟುವುದಿಲ್ಲವೆಂದು ನಾನು ಆಣೆ ಇಟ್ಟಿದ್ದೆ. ತಾಂತ್ರಿಕ ಶಾಲೆಯ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಬೆರಳಚ್ಚು ಮಾಡಿದವಳು ನಾನು. ನಿವೃತ್ತಿಯ ದಿನ ಎರಡೂ ಕೈ ಬಿಸಿನೀರಿನಲ್ಲಿ ಅದ್ದಿಕೊಂಡು, ಇನ್ನು ಸಾಯುವ ತನಕ ಒಂದಕ್ಷರ ಒತ್ತಲಾರೆ ಅಂದಿದ್ದೆ. ಗೆಂಚೋ ಅದೇ ಶಾಲೆಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಅವನ ಪಾಲಿನೊಳಗೆ ಏನಿದೆ, ಹೇಗೆ ಹೋಗುತ್ತಾನೆ, ನಾನು ಒಂದು ದಿನ ಇಣುಕಿದವಳಲ್ಲ. ಗಂಡಸಿಗೂ ಒಂದು ಮೂಲೆ ಬೇಕಲ್ಲ.

ಗುಂಡಿ ಒತ್ತಿದೆ. ಎರಡು ಸಾಲಿನ ಪಟ್ಟಿ ಬರಲಿಲ್ಲ. ನೀಲಿ ತೆರೆಯ ಮೇಲೆ ಒಂದು ಬಳೆ ಸುತ್ತತೊಡಗಿತು. ಕೆಳಗೆ ಬರಹ: ಹೊಸ ಬದಲಾವಣೆಗಳನ್ನು ಅಳವಡಿಸಲಾಗುತ್ತಿದೆ, ಆರಿಸಬೇಡಿ, ಶೇಕಡಾ ಏಳು.

ಹಿಂದಿನ ಸಂಜೆ ಮನಸ್ಸು ತಡೆಯದೆ ಇಸ್ಪೀಟು ಆಡುತ್ತ ಕೂತಿದ್ದಾಗ ಏನೋ ಒಂದು ಚೌಕ ಎದ್ದು ಬಂದಿತ್ತು. ತಿಂಗಳಿನಿಂದ ಅದಕ್ಕೆ "ಆಮೇಲೆ" ಅಂತ ಒತ್ತುತ್ತಿದ್ದವಳು ಅವತ್ತು ಬೇಸತ್ತು "ಆಯಿತು" ಅಂದಿದ್ದೆ. ಆಯಿತು ನೋಡಿ.

ನಾನು ಮೂರನೇ ಮಹಡಿಗೆ ಓಡಿದೆ.

ಅಲ್ಲಿರುವ ಇಸ್ಕ್ರಾಗೆ ನಲವತ್ತೆರಡು. ನೇಯ್ಗೆ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಬುದ್ಧಿ ಹೇಳುವ ಕೆಲಸ. ಎರಡನೇ ಪಾಳಿ, ಹಾಗಾಗಿ ಬೆಳಗ್ಗೆ ಮನೆಯಲ್ಲಿರುತ್ತಾಳೆ. ಗೆಂಚೋನ ಹಳೇ ವಿದ್ಯಾರ್ಥಿನಿ, ಈಗಲೂ ಅವನನ್ನು ಮೇಷ್ಟ್ರು, ನನ್ನನ್ನು ಚಿಕ್ಕಮ್ಮ ಎಂದೇ ಕರೆಯುವುದು. ಹನ್ನೊಂದು ವರ್ಷ ಜರ್ಮನಿಯಲ್ಲಿದ್ದು ಹೋದ ವರ್ಷ ವಾಪಸು ಬಂದಿದ್ದಾಳೆ. ಬಂದ ಹೊಸತರಲ್ಲಿ ರೊಟ್ಟಿ ಅಂಗಡಿಯಲ್ಲಿ "ರೊಟ್ಟಿ ಇದೆಯಾ" ಎಂದು ಕೇಳಿ, ಅಂಗಡಿಯವಳು ತಲೆ ಅಡ್ಡಕ್ಕೆ ಆಡಿಸಿದ್ದನ್ನು ನೋಡಿ, ಬಿಸಿ ರೊಟ್ಟಿ ಕಣ್ಣೆದುರಿಗಿದ್ದರೂ ಬರಿಗೈಯಲ್ಲಿ ಮನೆಗೆ ಬಂದವಳು. ಬೀದಿಯೆಲ್ಲ ಒಂದು ವಾರ ನಕ್ಕಿತ್ತು.

ಅವಳು ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಇಳಿದು ಬಂದಳು. ನಾನು ಮೆಟ್ಟಿಲ ಮೇಲೆಯೇ ಎಲ್ಲ ಹೇಳಿದೆ. ತೆರೆ ನೋಡಿದಳು. ಶೇಕಡಾ ಮೂವತ್ತೊಂದು.

"ಹೊರಗಿಂದ ವೈರ್ ಕಿತ್ತು ಬಿಡೋಣ ಕಣೇ," ಅಂದೆ.

"ಚಿಕ್ಕಮ್ಮ, ಕೈ ಮುಗೀತೀನಿ, ಮುಟ್ಬೇಡಿ. ಅರ್ಧದಲ್ಲಿ ಕಿತ್ರೆ ಎರಡು ಕಡೆನೂ ಕೆಡುತ್ತೆ. ಮುಗೀಲಿ."

"ಅದು ಮುಗಿಯೋದ್ರೊಳಗೆ ನಾನು ಮುಗೀತೀನಿ."

"ಮೇಷ್ಟ್ರು ಹೇಗಿದ್ದಾರೆ? ಮಾತು ಬಂತಾ?"

"ಇಲ್ಲ. ಕೇಳಿಸುತ್ತೆ, ಅರ್ಥ ಆಗುತ್ತೆ, ಒಂದು ಶಬ್ದ ಹೊರಗೆ ಬರಲ್ಲ. ಬಲಗೈ, ಬಲಗಾಲು ಸತ್ತ ಹಾಗೆ ಬಿದ್ದಿವೆ."

ಇದನ್ನು ಹೇಳುವಾಗ ಗೋಡೆ ನೋಡುತ್ತಿದ್ದೆ. ಎರಡು ದಿನ ಆಸ್ಪತ್ರೆಗೆ ಹೋಗಿದ್ದೆ. ಎರಡು ದಿನವೂ ಅವನ ದಿಂಬು ಸರಿಮಾಡಿದೆ, ಲೋಟ ತೊಳೆದೆ, ಕಿಟಕಿಯ ಪರದೆ ಎಳೆದೆ. ಮುಖ ಮಾತ್ರ ನೋಡಲಿಲ್ಲ. ಬಾಯಿ ಒಂದು ಕಡೆ ಜಾರಿತ್ತು, ಆ ಕಣ್ಣು ನನ್ನನ್ನೇ ಹುಡುಕುತ್ತಿತ್ತು, ನನಗೆ ಧೈರ್ಯ ಸಾಲಲಿಲ್ಲ. ಊರಿಗೆಲ್ಲ ಬಾಯಿ ಮಾಡುವ ರಾಯ್ನಾ ಗಂಡನ ಮುಖ ನೋಡಲಾರದ ಹೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಬಳೆ ಸುತ್ತುವುದು ನಿಂತಿತು. ಯಂತ್ರ ತಾನಾಗಿ ಆರಿ, ತಾನಾಗಿ ಹತ್ತಿಕೊಂಡು, ಸೀದಾ ನನ್ನ ಇಸ್ಪೀಟಿನ ಚಿತ್ರ ತಂದು ತೋರಿಸಿತು. ಮೇಲಿನ ಸಾಲೂ ಇಲ್ಲ, ಕೆಳಗಿನ ಸಾಲೂ ಇಲ್ಲ.

"ಅಯ್ಯೋ, ಅವನದೆಲ್ಲ ಅಳಿಸಿ ಹೋಯ್ತಾ?"

"ಅಳಿಸಿಲ್ಲ. ಪಾಳಿ ತಪ್ಪಿದೆ ಅಷ್ಟೆ. ಯಾರು ಮೊದಲು ಏಳ್ಬೇಕು ಅಂತ ಒಂದು ಪಟ್ಟಿ ಇರುತ್ತೆ ಒಳಗೆ. ಬದಲಾವಣೆ ಮಾಡುವಾಗ ನಿಮ್ಮದು ತಾನೇ ಮೊದಲು ಅಂತ ಬರ್ಕೊಂಡಿದೆ. ಯಂತ್ರ ಕಣ್ಣು ಬಿಡೋ ಮುಂಚೆ ಹಿಡಿದು ಆ ಪಟ್ಟಿ ತಿದ್ದಬೇಕು."

ಹಿಡಿಯುವುದು ಅಂದಷ್ಟು ಸುಲಭವಾಗಿರಲಿಲ್ಲ. ಆರಿಸಿ ಹಚ್ಚಿ, ಕೀಲಿಮಣೆಯ ಮೇಲಿನ ಸಾಲಿನ ಒಂದು ಕೀಲಿಯನ್ನು ಪಟಪಟ ಕುಟ್ಟಿದಳು. ಇಸ್ಪೀಟಿನ ಚಿತ್ರ. ಇನ್ನೊಂದು ಕೀಲಿ. ಇಸ್ಪೀಟಿನ ಚಿತ್ರ. ಮತ್ತೆ. ಪ್ರತಿ ಸಲವೂ ಎರಡು ಮೂರು ನಿಮಿಷ ಕೈಬಿಟ್ಟು ಹೋಗುತ್ತಿತ್ತು. ನಾನು ಹಿಂದೆ ನಿಂತು ಗಡಿಯಾರ ನೋಡುತ್ತ ಕೆರಳುತ್ತಿದ್ದೆ.

"ನೀನು ಕಾರ್ಖಾನೆಯಲ್ಲಿ ಇಷ್ಟೊತ್ತಿಗೆ ಎಷ್ಟು ಮಗ್ಗ ಕೆಡಿಸಿರ್ತಿದ್ದೆ?"

"ಚಿಕ್ಕಮ್ಮ, ಒಂದು ನಿಮಿಷ ಬಾಯಿ ಮುಚ್ಕೊಂಡಿದ್ರೆ ನಿಮಗೇ ಪುಣ್ಯ ಬರುತ್ತೆ." ಅವಳು ತಟ್ಟನೆ ಕೈ ತೆಗೆದಳು. "ಇದು ಮಲಗ್ತಾ ಇಲ್ಲ. ಕಳ್ಳನಿದ್ದೆ ಮಾಡ್ತಿದೆ! ಬೇಗ ಏಳ್ಬೇಕು ಅಂತ ಅರ್ಧ ಎಚ್ಚರವಾಗೇ ಇರುತ್ತೆ. ಅದಕ್ಕೇ ನಡುವೆ ನುಗ್ಗೋಕೆ ಸಂದು ಸಿಗ್ತಿಲ್ಲ. ಪೂರ್ತಿ ಮಲಗಿಸಬೇಕು."

ಒಂದು ಕೀಲಿ ಒತ್ತಿ ಹಿಡಿದುಕೊಂಡೇ ಆರಿಸಿದಳು. ಹಿಂದಿನ ವೈರು ಕಿತ್ತು, ಮೂವತ್ತರವರೆಗೆ ಎಣಿಸಿ, ಮತ್ತೆ ಸಿಕ್ಕಿಸಿ ಹಚ್ಚಿದಳು. ಈ ಸಲ ಬೂದು ಬಣ್ಣದ ಬೇರೆಯೇ ತೆರೆ ಬಂತು. ಅದರಲ್ಲಿ ಆ ಪಟ್ಟಿ. ನನ್ನ ಪಾಲು ಮೊದಲು, ಗೆಂಚೋನದು ಎರಡನೆಯದು. ಇಸ್ಕ್ರಾ ಅವನ ಸಾಲನ್ನು ಮೇಲಕ್ಕೆ ತಂದು ಉಳಿಸಿದಳು. ಯಂತ್ರ ಎದ್ದಿತು. ಕಪ್ಪು ತೆರೆ, ಎರಡು ಸಾಲು. ಆ ದರಿದ್ರ ಪಟ್ಟಿಯನ್ನು ನೋಡಿ ನನಗೆ ಅಷ್ಟು ಸಂತೋಷವಾದದ್ದು ಯಾವತ್ತೂ ಇಲ್ಲ. ಹನ್ನೊಂದೂ ಇಪ್ಪತ್ತೈದು.

ಅವಳು ಮೇಲಿನ ಸಾಲು ಒತ್ತಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ತೆರೆಯ ನಡುವೆ ಒಂದು ಬೀಗದ ಚಿತ್ರ, ಕೆಳಗೆ ಖಾಲಿ ಚೌಕ.

"ಮೇಷ್ಟ್ರು ಇಡೀ ಡಿಸ್ಕಿಗೆ ಬೀಗ ಹಾಕಿದ್ದಾರೆ. ಪಾಸ್‌ವರ್ಡ್ ಬೇಕು."

ಅದು ಎಲ್ಲಿದೆಯೆಂದು ಮಾತ್ರ ನನಗೆ ಗೊತ್ತಿತ್ತು, ದೇವರ ದಯೆ. ಅಡುಗೆಮನೆಯ ಡ್ರಾಯರಿನಲ್ಲಿ ನೀರಿನ ಮೀಟರಿನ ಅಂಕಿ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ, ಅವನ ಗುಂಡನೆಯ ಕೈಬರಹದಲ್ಲಿ ಇತ್ತು: "ರಾಯ್ನಾ, ನನಗೇನಾದರೂ ಆದರೆ ಕಂಪ್ಯೂಟರಿಗೆ: ಲ್ಯುಲ್ಯಾಕ್." ಲ್ಯುಲ್ಯಾಕ್ ಎಂದರೆ ಮೇ ತಿಂಗಳಲ್ಲಿ ಬೇಲಿಗುಂಟ ಅರಳುವ ನೇರಳೆ ಬಣ್ಣದ ಗೊಂಚಲು ಹೂ. ನಮ್ಮ ಲಿಪಿಯಲ್ಲಿ ಐದೇ ಅಕ್ಷರ.

"ಹೂವಿನ ಹೆಸರಾ? ಮೇಷ್ಟ್ರು ರಸಿಕರೇ," ಅಂದಳು ಇಸ್ಕ್ರಾ.

"ರಸಿಕ! ನಲವತ್ತು ವರ್ಷದಲ್ಲಿ ನನಗೊಂದು ಹೂ ತಂದುಕೊಟ್ಟವನಲ್ಲ. ಹುಷಾರಾಗಿ ಬರಲಿ, ಯಾವಳು ಈ ಲ್ಯುಲ್ಯಾಕ್ ಅಂತ ಕೇಳ್ತೀನಿ. ಹೊಡಿ ಬೇಗ."

ಹೊಡೆದಳು. ಚೌಕದಲ್ಲಿ ಚುಕ್ಕಿಗಳು ಬಿದ್ದವು. ಯಂತ್ರ ಸ್ವಲ್ಪ ಹೊತ್ತು ಯೋಚಿಸಿ, ತಪ್ಪು ಎಂದಿತು.

"ಈ ಹಂತದಲ್ಲಿ ಇದಕ್ಕೆ ನಮ್ಮ ಲಿಪಿ ಬರಲ್ಲ ಚಿಕ್ಕಮ್ಮ. ಯಾವ ಕೀಲಿ ಒತ್ತಿದ್ವಿ ಅನ್ನೋದಷ್ಟೇ ಗೊತ್ತು. ಇಂಗ್ಲಿಷ್ ಅಕ್ಷರದಲ್ಲಿ ಬೇರೆ ಥರ ಬರೆದಿರಬಹುದು."

ಬೇರೆ ಥರ ಬರೆದಳು. ತಪ್ಪು. ಮೊದಲಕ್ಷರ ದೊಡ್ಡದು ಮಾಡಿ ಬರೆದಳು. ತಪ್ಪು. ಮೂರು ತಪ್ಪಿಗೆ ಯಂತ್ರ ಮುನಿಸಿಕೊಂಡು, ಏನೇನೋ ಬಿಳಿ ಸಾಲು ಕಕ್ಕಿ ನಿಂತಿತು. ಮತ್ತೆ ಆರಿಸು, ಮತ್ತೆ ಹಚ್ಚು, ಮತ್ತೆ ಪಟ್ಟಿ, ಮತ್ತೆ ಬೀಗ. ಗಡಿಯಾರ ಹನ್ನೊಂದೂ ನಲವತ್ತು ದಾಟಿತ್ತು.

"ಇದು ಹಳೇ ಪಾಸ್‌ವರ್ಡ್ ಇರಬಹುದು. ಆಮೇಲೆ ಬದಲಾಯಿಸಿದ್ದಾರೋ ಏನೋ. ಮೇಷ್ಟ್ರನ್ನೇ ಕೇಳೋಣ," ಅಂದಳು.

"ಮಾತೇ ಬರದವನನ್ನ ಏನು ಕೇಳ್ತೀಯ?"

"ಹೌದು ಅಲ್ಲ ಅನ್ನೋಕೆ ಮಾತು ಯಾಕೆ ಬೇಕು?"

ಡಾಕ್ಟರಿಗೆ ಫೋನ್ ಮಾಡಿದೆವು. ಆಕೆ ವಾರ್ಡಿನ ನರ್ಸ್ ಹತ್ತಿರ ಹೇಳಿ, ವಿಡಿಯೋ ಕರೆಗೆ ವ್ಯವಸ್ಥೆ ಮಾಡಿದರು. ನರ್ಸ್ ಫೋನನ್ನು ಮಂಚದ ಹಲಗೆಗೆ ಆನಿಸಿಟ್ಟು ಪಕ್ಕದ ರೋಗಿಯ ಹತ್ತಿರ ಹೋದಳು. ಇಸ್ಕ್ರಾ ನನ್ನ ಕಡೆ ಫೋನ್ ಚಾಚಿದಳು. ನಾನು ಕಿಟಕಿಯ ಹತ್ತಿರ ಸರಿದೆ.

"ನೀನೇ ಮಾತಾಡು. ನನಗೆ ಕನ್ನಡಕ ಇಲ್ಲ."

ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಅವಳು ಅದನ್ನು ನೋಡಿ, ಫೋನನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಮೇಷ್ಟ್ರೇ, ನಾನು ಇಸ್ಕ್ರಾ. ಕಂಪ್ಯೂಟರ್ ಬೀಗ ತೆಗೀಬೇಕು. ಪುಸ್ತಕದಲ್ಲಿ ಲ್ಯುಲ್ಯಾಕ್ ಅಂತ ಇದೆ. ಈಗಲೂ ಅದೇನಾ?"

ನಾನು ಕೆಳಗೆ ಯಾಂತ್ರಾ ನದಿಯ ಸೇತುವೆಯ ಮೇಲೆ ಹೋಗುತ್ತಿದ್ದ ಬಸ್ಸನ್ನು ನೋಡುತ್ತಿದ್ದೆ. ಅದರ ಹಿಂಬದಿಯ ದೀಪ ಕೂಡ ನೆನಪಿದೆ. ಗಂಡನ ಮುಖಕ್ಕಿಂತ ಬಸ್ಸಿನ ಬೆನ್ನು ಹಿತವಾಗಿತ್ತು.

"ಆಯ್ತು ಮೇಷ್ಟ್ರೇ, ಆಯಾಸ ಮಾಡ್ಕೋಬೇಡಿ. ಆಯ್ತು." ಅವಳು ಫೋನ್ ಇಟ್ಟಳು. ಮುಖ ಸಪ್ಪಗಾಗಿತ್ತು. "ಅಲ್ಲವಂತೆ ಚಿಕ್ಕಮ್ಮ. ಬೇರೆ ಏನೋ ಇದೆ. ಎರಡು ಸಲ ಕೇಳಿದೆ. ಎರಡು ಸಲವೂ ಅಲ್ಲ ಅಂದ್ರು."

ಆಮೇಲಿನ ಮುಕ್ಕಾಲು ಗಂಟೆ ತೋಚಿದ್ದನ್ನೆಲ್ಲ ಹೊಡೆದು ನೋಡಿದೆವು. ನನ್ನ ಹೆಸರು. ನಾನು ಹುಟ್ಟಿದ ದಿನ. ಮದುವೆಯ ದಿನ. ಅವನ ಅಮ್ಮನ ಹಳ್ಳಿ. ಸತ್ತ ಬೆಕ್ಕಿನ ಹೆಸರು. ಅವನು ಮೆಚ್ಚುವ ಫುಟ್‌ಬಾಲ್ ತಂಡ. ಮೂರು ತಪ್ಪು, ಆರಿಸು, ಹಚ್ಚು. ಮತ್ತೆ ಮೂರು ತಪ್ಪು, ಆರಿಸು, ಹಚ್ಚು. ನಡುವೆ ನಾನು ಅವನ ಕೋಟಿನ ಜೇಬು, ಔಷಧದ ಪೆಟ್ಟಿಗೆ, ಹಳೇ ಪಂಚಾಂಗದ ಹಿಂಬದಿ ಎಲ್ಲ ತಡಕಾಡಿದೆ. ಬೈಯುತ್ತಲೇ ತಡಕಾಡಿದೆ. "ಬರೆದಿಟ್ಟಿದ್ದನ್ನ ಬದಲಾಯಿಸಿದ ಮೇಲೆ ಮತ್ತೆ ಬರೀಬೇಕು ಅನ್ನೋ ಬುದ್ಧಿ ಬೇಡ್ವಾ? ಮಕ್ಕಳಿಗೆ ಪಾಠ ಹೇಳಿದ್ಯಲ್ಲೋ ಮಹಾರಾಯ!" ಎಂದು ಖಾಲಿ ಕೋಟಿಗೆ ಕೂಗಿದೆ.

ಹನ್ನೆರಡೂವರೆಗೆ ಡಾಕ್ಟರ್ ಮತ್ತೆ ಫೋನ್ ಮಾಡಿದರು. "ಹತ್ತು ನಿಮಿಷ ಮುಂಚೆ ನನಗೆ ಗೊತ್ತಾಗ್ಬೇಕು. ಇಲ್ಲದಿದ್ರೆ ಯಂತ್ರ ಬೇರೆಯವರಿಗೆ ಬಿಟ್ಟುಕೊಡ್ತೀನಿ. ಕಾಯ್ತಿರೋರು ಇದ್ದಾರೆ." ಕಠಿಣವಾಗಿ ಹೇಳಲಿಲ್ಲ. ಅದೇ ನನಗೆ ಇನ್ನೂ ಹೆದರಿಕೆ ತಂದಿತು.

ನಾನು ಗೆಂಚೋನ ಮಂಚದ ಮೇಲೆ ಕುಸಿದೆ.

"ಮುಗೀತಲ್ವೇನೇ ಇಸ್ಕ್ರಾ? ಎಲ್ಲಾ ಮುಗೀತಲ್ವಾ?"

ಅವಳು ನನ್ನನ್ನೇ ನೋಡುತ್ತ ತಲೆಯನ್ನು ನಿಧಾನವಾಗಿ ಅಡ್ಡಕ್ಕೆ ಆಡಿಸಿದಳು. ನಾನು ಜೋರಾಗಿ ಅತ್ತುಬಿಟ್ಟೆ. ಮೂರು ದಿನದಿಂದ ಒಂದು ಹನಿ ಬಂದಿರಲಿಲ್ಲ, ಎಲ್ಲ ಒಟ್ಟಿಗೆ ಬಂತು. ಇಸ್ಕ್ರಾ ಗಾಬರಿಯಾಗಿ ಓಡಿ ಬಂದು ಭುಜ ಹಿಡಿದಳು.

"ಚಿಕ್ಕಮ್ಮ, ಯಾಕೆ? ಮುಗಿದಿಲ್ಲ ಅಂತ ತಾನೇ ಹೇಳಿದ್ದು!"

"ಎಲ್ಲಿ ಹೇಳಿದೆ? ಹೌದು ಅಂತ ತಲೆ ಆಡಿಸಿದ್ಯಲ್ಲೇ!"

"ಇಲ್ಲ ಅಂತ ಆಡಿಸಿದೆ. ನೋಡಿ, ಹೀಗೆ—"

ಅವಳ ತಲೆ ಅರ್ಧದಲ್ಲೇ ನಿಂತಿತು. ನನ್ನ ಅಳುವೂ ನಿಂತಿತು. ನಮ್ಮಲ್ಲಿ ತಲೆ ಅಡ್ಡಕ್ಕೆ ಆಡಿಸಿದರೆ ಹೌದು, ಮೇಲಕ್ಕೆತ್ತಿದರೆ ಅಲ್ಲ. ಹುಟ್ಟಿದ ಕೂಸಿಗೂ ಗೊತ್ತು. ಹನ್ನೊಂದು ವರ್ಷ ಉಲ್ಟಾ ಆಡಿಸಿದ ಇವಳಿಗೆ ಬಿಟ್ಟು.

"ಅವನು ಹೇಗೆ ಆಡಿಸಿದ?" ಅಂದೆ.

"ಹೀಗೇ..." ಅಂದಳು. ಅಡ್ಡಕ್ಕೆ. ಮುಖ ಬಿಳುಚಿಕೊಂಡಿತ್ತು.

"ಅಯ್ಯೋ ಜರ್ಮನಿಯವಳೇ! ಅದು ಹೌದು ಕಣೇ! ಹೌದು ಹೌದು ಅಂತ ಎರಡು ಸಲ ಬಡ್ಕೊಂಡಿದ್ದಾನೆ ನನ್ನ ಗಂಡ!"

"ಚಿಕ್ಕಮ್ಮ, ನನ್ನನ್ನ... ನನಗೆ ಹೊಳೀಲೇ ಇಲ್ಲ." ಅವಳ ಕಣ್ಣಲ್ಲಿ ನೀರು ಬಂತು.

ಅವಳಿಗೆ ಬೈಯಲು ನನಗೆ ಯಾವ ಮುಖವಿತ್ತು? ಆ ಫೋನನ್ನು ನನ್ನ ಕೈಗೆ ಕೊಡಲು ಬಂದಿದ್ದಳು. ನಾನು ನೋಡಿದ್ದರೆ ಒಂದು ಕ್ಷಣದ ಮಾತು. ಮುಕ್ಕಾಲು ಗಂಟೆ ಕಳೆದದ್ದು ಅವಳ ತಲೆಯಿಂದಲ್ಲ, ನನ್ನ ಬೆನ್ನಿನಿಂದ.

"ಆದ್ರೆ ಪದ ಅದೇ ಆದ್ರೆ ಬೀಗ ಯಾಕೆ ತೆಗೀಲಿಲ್ಲ?" ಅವಳು ಕಣ್ಣೊರೆಸಿಕೊಂಡಳು. "ಎಲ್ಲ ಥರ ಹೊಡೆದೆನಲ್ಲ."

"ಅವನು ಬೇರೆ ಏನಾದ್ರೂ ಮಾಡಿದ್ನಾ? ನೆನಪು ಮಾಡ್ಕೋ."

"ಏನೂ ಇಲ್ಲ. ಎಡಗೈ ಬೆರಳು ಹೊದಿಕೆ ಮೇಲೆ ನಡುಗ್ತಾ ಇತ್ತು. ಪಾಪ ಅನ್ನಿಸ್ತು, ಅದಕ್ಕೇ ಬೇಗ ಫೋನ್ ಇಟ್ಟೆ."

ಗೆಂಚೋನ ಎಡಗೈ ನಡುಗುವ ಕೈಯಲ್ಲ. ಡಾಕ್ಟರೇ ಹೇಳಿದ್ದರು, ಎಡಭಾಗಕ್ಕೆ ಏನೂ ಆಗಿಲ್ಲ ಎಂದು.

ಈ ಸಲ ನಾನೇ ಫೋನ್ ಮಾಡಿದೆ. ನರ್ಸ್ ಅದನ್ನು ಅದೇ ಜಾಗದಲ್ಲಿ ಆನಿಸಿಟ್ಟಳು. ನಾನು ಕನ್ನಡಕ ಒರೆಸಿಕೊಂಡು, ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದೆ. ಬಾಯಿ ಬಲಗಡೆ ಜಾರಿತ್ತು. ಗಡ್ಡ ಬೆಳೆದಿತ್ತು, ಬೆಳ್ಳಗೆ. ಕಣ್ಣು ಮಾತ್ರ ಅವನದೇ, ಪರೀಕ್ಷೆಯಲ್ಲಿ ದಡ್ಡ ಹುಡುಗನ ಉತ್ತರಕ್ಕೆ ಕಾಯುವಾಗಿನ ಅದೇ ತಾಳ್ಮೆಯ ಕಣ್ಣು. ನನ್ನನ್ನು ಕಂಡದ್ದೇ ಅವು ಒದ್ದೆಯಾದವು. ಇಷ್ಟಕ್ಕೇನಾ ನಾನು ಮೂರು ದಿನ ಹೆದರಿದ್ದು?

"ಗೆಂಚೋ, ನಾನು ಕಣೋ. ಲ್ಯುಲ್ಯಾಕ್ ಸರಿ ತಾನೇ?"

ತಲೆ ಅಡ್ಡಕ್ಕೆ ಆಡಿತು. ಹೌದು.

"ಬೀಗ ತೆಗೀತಿಲ್ಲ. ಹೇಗೆ ಹೊಡೀಬೇಕು? ಕೈ ತೋರಿಸು."

ಎಡಗೈ ಹೊದಿಕೆಯ ಮೇಲೆ ಬಂತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಕಿರುಬೆರಳು ಕೆಳಕ್ಕೆ ಬಾಗಿ ಒತ್ತಿತು. ಮತ್ತೆ ಅಷ್ಟೇ ಹೊತ್ತು ಸುಮ್ಮನೆ. ಆಮೇಲೆ ಉಂಗುರದ ಬೆರಳು. ಮತ್ತೆ ಸುಮ್ಮನೆ. ನಿಂತಿತು. ಪುನಃ ಮೊದಲಿಂದ: ಬಿಡುವು, ಕಿರುಬೆರಳು, ಬಿಡುವು, ಉಂಗುರದ ಬೆರಳು, ಬಿಡುವು.

ಬಿಡುವೂ ಸೇರಿ ಐದು ಏಟು. ಐದಕ್ಷರ.

ಆ ತಾಳ ನನ್ನದು. ಎಂಬತ್ತನಾಲ್ಕನೇ ಇಸವಿ, ಶಾಲೆಯ ಕಚೇರಿ, ಹೊಸದಾಗಿ ಬಂದ ಒಣಕಲು ಮೇಷ್ಟ್ರೊಬ್ಬ ಪ್ರಶ್ನೆಪತ್ರಿಕೆಯನ್ನು ತಾನೇ ಬೆರಳಚ್ಚು ಮಾಡಲು ಕಲಿಯುತ್ತೇನೆಂದು ಬಂದ. ಬರುವುದು ಪ್ರಶ್ನೆಪತ್ರಿಕೆಗಲ್ಲ ಎಂದು ಕಚೇರಿಯ ಜವಾನನಿಗೂ ಗೊತ್ತಿತ್ತು. ಎರಡು ಬೆರಳಲ್ಲಿ ಕುಟ್ಟಿದಾಗ ನಾನು ಅಡಿಕೋಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದೆ. ಹತ್ತೂ ಬೆರಳು ಕಲಿಸಲು ಮೊದಲು ಕೊಟ್ಟ ಪದ ಲ್ಯುಲ್ಯಾಕ್, ಯಾಕೆಂದರೆ ಬೆರಳಚ್ಚಿನವರ ಕೀಲಿಮಣೆಯಲ್ಲಿ ಅದು ಒಂದು ಬಲಗೈ, ಒಂದು ಎಡಗೈ, ಒಂದು ಬಲಗೈ, ಒಂದು ಎಡಗೈ, ಒಂದು ಬಲಗೈ. ನಡೆದ ಹಾಗೆ. ಅವನು ಅದನ್ನು ಸಾವಿರ ಸಲ ಹೊಡೆದಿದ್ದ. ನಾನು ಮರೆತಿದ್ದೆ. ಹೂ ಅಂತೆ, ಯಾವಳೋ ಅಂತೆ.

ಬಿಡುವಿನಲ್ಲೆಲ್ಲ ಅವನು ಬಲಗೈಯಲ್ಲಿ ಒತ್ತುತ್ತಿದ್ದ. ಬಲಗೈ ಏಳುತ್ತಿರಲಿಲ್ಲ, ಅಷ್ಟೇ.

"ಏಳೇ ಇಸ್ಕ್ರಾ, ಕುರ್ಚಿ ಬಿಡು!"

"ಏನಾಯ್ತು?"

"ನೀವು ಈಗಿನವರು ಉಚ್ಚಾರ ನೋಡಿ ಒತ್ತೋರು. ಲ ಅಂದ್ರೆ ಇಂಗ್ಲಿಷಿನ ಎಲ್ ಇರೋ ಕಡೆ. ನಮ್ಮ ಹಳೇ ಮಣೆಯಲ್ಲಿ ಅಕ್ಷರಗಳ ಜಾಗವೇ ಬೇರೆ. ಅವನು ನನ್ನ ಮಣೆಯಲ್ಲಿ ಹೊಡೆದಿದ್ದಾನೆ."

ಅವಳು ಬಾಯಿ ತೆರೆದು ನಿಂತಳು. "ಯಂತ್ರಕ್ಕೆ ಅಕ್ಷರ ಕಾಣಲ್ಲ... ಕೀಲಿ ಮಾತ್ರ..." ಎಂದು ತನಗೇ ಹೇಳಿಕೊಂಡಳು.

ಕೂತೆ. ಹನ್ನೆರಡೂ ನಲವತ್ಮೂರು. ಕೀಲಿಗಳ ಮೇಲಿನ ಅಕ್ಷರ ಸವೆದು ಹೋಗಿದ್ದವು, ಉಳಿದವೂ ಇಂಗ್ಲಿಷಿನವು. ಒಂದೊಂದಾಗಿ ನೋಡಿ ನೋಡಿ ಒತ್ತಿದೆ. ತಪ್ಪು.

"ಇನ್ನೆರಡು ಸಲ ಇದೆ, ಚಿಕ್ಕಮ್ಮ. ಆಮೇಲೆ ಮತ್ತೆ ಆರಿಸಿ ಹಚ್ಚಬೇಕು."

"ಗೊತ್ತು, ಸುಮ್ನಿರು."

ಬೆರಳು ಗಂಟು ಕಟ್ಟಿದ್ದವು. ನಿವೃತ್ತಿಯಾದ ಮೇಲಿನ ಹನ್ನೊಂದು ವರ್ಷ ಹಿಟ್ಟು ಕಲಸಿದ್ದು ಬಿಟ್ಟರೆ ಬೇರೆ ಕೆಲಸ ಕಂಡವಲ್ಲ. ಮತ್ತೆ ಒತ್ತಿದೆ. ಐದು ಚುಕ್ಕಿ. ತಪ್ಪು. ಅಚ್ಚು ಮಾಡುವಾಗ ಕೀಲಿ ನೋಡಿದರೆ ಕೈ ಹಾದಿ ತಪ್ಪುತ್ತದೆ. ಇದನ್ನು ನೂರು ಹುಡುಗಿಯರಿಗೆ ಹೇಳಿಕೊಟ್ಟವಳು ನಾನೇ. ಅಟ್ಟ ಮೇಲೆ ಒಲೆ ಉರಿಯಿತು ಅಂದರೆ ಇದೇ.

ಕಣ್ಣು ಮುಚ್ಚಿದೆ. ಹತ್ತು ಬೆರಳನ್ನೂ ಅವುಗಳ ಮನೆಯಲ್ಲಿ ಕೂರಿಸಿದೆ. ಮನಸ್ಸಿನಲ್ಲೇ ಅಡಿಕೋಲು ಹಿಡಿದೆ. ಬಲ ಉಂಗುರದ ಬೆರಳು. ಎಡ ಕಿರುಬೆರಳು. ಬಲ ಉಂಗುರ. ಎಡ ಉಂಗುರ. ಬಲ ತೋರುಬೆರಳು ಮೇಲಕ್ಕೆ. ಒತ್ತಿಬಿಟ್ಟೆ.

ಯಂತ್ರ ಯೋಚಿಸಿತು. ನಾನು ಕಣ್ಣು ತೆರೆಯಲಿಲ್ಲ.

"ಚಿಕ್ಕಮ್ಮ," ಅಂದಳು ಇಸ್ಕ್ರಾ, "ತೆಗೀತು."

ಗೆಂಚೋ ಕಪಾಟು ಕತ್ತರಿಸಿದ್ದನ್ನು ನಾನು ಅವತ್ತು ಅರ್ಧ ಕ್ಷಮಿಸಿದೆ, ಯಾಕೆಂದರೆ ಒಳಗೆ ಎಲ್ಲ ಒಪ್ಪವಾಗಿತ್ತು. ವರ್ಷದ ಹೆಸರಿನ ಕಡತಗಳು, ಅದರೊಳಗೆ "ತಲೆ" ಎಂಬ ಒಂದು ಕಡತ. ಮೂರು ಪುಟ. ಎರಡನೇ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಕ್ಲಿಪ್ಪಿನ ಅಳತೆ, ಸಂಖ್ಯೆ, ಪಕ್ಕದಲ್ಲಿ ಲೋಹ. ಇಸ್ಕ್ರಾ ಬೆರಳಿಟ್ಟು ಓದಿದಳು. ನಾನು ಮತ್ತೆ ಓದಿಸಿದೆ. ಟೈಟೇನಿಯಂ. ಮೂರನೇ ಸಲವೂ ಟೈಟೇನಿಯಮ್ಮೇ.

ತೆರೆಯ ಫೋಟೋ ತೆಗೆದು ಕಳಿಸಿದಾಗ ಹನ್ನೆರಡೂ ನಲವತ್ತೊಂಬತ್ತು. ಎರಡು ನಿಮಿಷಕ್ಕೆ ಡಾಕ್ಟರ್ ಫೋನ್ ಮಾಡಿದರು. "ಬಂತು. ಇಷ್ಟು ಸಾಕು. ಕರ್ಕೊಂಡು ಹೋಗ್ತಿದ್ದೀವಿ." ಇಸ್ಕ್ರಾ ನನ್ನನ್ನು ತಬ್ಬಿಕೊಂಡಳು. ಅವಳ ಒದ್ದೆ ಟವೆಲ್ ನನ್ನ ಕತ್ತಿಗೆ ಬಿತ್ತು. ತಣ್ಣಗಿನ ಬಾನಿತ್ಸಾವನ್ನು ಇಬ್ಬರೂ ನಿಂತುಕೊಂಡೇ ಕೈಯಿಂದ ಮುರಿದು ತಿಂದೆವು. "ಇನ್ನೊಂದು ತುಂಡು ಹಾಕ್ಲಾ?" ಅಂದರೆ ತಲೆ ಅಡ್ಡಕ್ಕೆ ಆಡಿಸಿದಳು. ಹಾಕಿದೆ. ಪಾಪ, ಬೇಡ ಅಂದಿದ್ದಳೋ ಏನೋ, ಪೂರ್ತಿ ತಿಂದಳು.

ನಾಲ್ಕು ಗಂಟೆಗೆ ಭೇಟಿಯ ಹೊತ್ತು. ಡಾಕ್ಟರ್ ಹರಲಾನೋವಾ ಬಾಗಿಲಲ್ಲೇ ಸಿಕ್ಕರು. ಒಂದು ಸಣ್ಣ ರಕ್ತದ ಗಡ್ಡೆ ಇದೆ, ಹಳೇ ಕ್ಲಿಪ್ಪಿನ ಹಿಂದೆ ಅಡಗಿತ್ತು, ನಾಳೆ ಬೆಳಗ್ಗೆ ಎಂಟಕ್ಕೆ ತೆಗೆಯುತ್ತೇವೆ, ಎಲ್ಲಿ ಕೈ ಹಾಕಬೇಕೆಂದು ಈಗ ಗೊತ್ತು ಅಂದರು. ಮಾತು ಬರುತ್ತದೆಯೇ ಎಂದು ಕೇಳಿದೆ. ಮೊದಲು ಜೀವ ಉಳಿಸೋಣ, ಮಾತನ್ನು ಆಮೇಲೆ ಹುಡುಕೋಣ ಅಂದರು.

ನಾನು ದಿಂಬು ಸರಿಮಾಡಲಿಲ್ಲ, ಲೋಟ ತೊಳೆಯಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಬಲಗಡೆ, ಆ ಸತ್ತ ಕೈಯ ಕಡೆಗೆ ಕೂತು, ಮುಖ ನೋಡಿದೆ. ಮೊದಲು ಬೈದೆ. ಕಾಗದ ರದ್ದಿಗೆ ಹಾಕಿದ್ದಕ್ಕೆ, ಹೂವಿನ ಹೆಸರಿಟ್ಟು ನನ್ನ ಹೊಟ್ಟೆ ಉರಿಸಿದ್ದಕ್ಕೆ, ಸೋಮವಾರ ಬೆಳಗ್ಗೆ ಹೇಳದೆ ಕೇಳದೆ ಸ್ನಾನದ ಮನೆಯಲ್ಲಿ ಬಿದ್ದದ್ದಕ್ಕೆ. ಅವನು ಕೇಳುತ್ತಿದ್ದ. ನನ್ನ ಉಸಿರು ಮುಗಿದ ಮೇಲೆ ಎಡಗೈ ಹೊದಿಕೆಯ ಮೇಲೆ ಬಂತು.

ಬಿಡುವು. ನಡುಬೆರಳು. ಉಂಗುರದ ಬೆರಳು, ಕೆಳಕ್ಕೆ. ಬಿಡುವು. ಮತ್ತೆ ನಡುಬೆರಳು.

ಲ್ಯುಲ್ಯಾಕ್ ಅಲ್ಲ. ಬೇರೆ ಐದಕ್ಷರ. ಎಡಗೈಯದು ಮೂರು, ಬಲಗೈಯದು ಎರಡು. ನಾನು ನನ್ನ ಬಲಗೈಯನ್ನು ಅವನ ಬಲಗೈಯ ಮೇಲಿಟ್ಟು, ಇನ್ನೊಂದು ಸಲ ಅಂದೆ. ಅವನು ಮತ್ತೆ ಶುರು ಮಾಡಿದ. ಬಿಡುವು ಬಂದ ಕಡೆ ನಾನು ನನ್ನ ಬೆರಳನ್ನು ಒಂದೊಂದಾಗಿ ಹಚ್ಚಿ ನೋಡಿದೆ. ತೋರುಬೆರಳು ಹೊಂದಲಿಲ್ಲ. ನಡುಬೆರಳು ಒತ್ತಿದೆ. ಅವನದು ಎರಡು ಅಕ್ಷರ. ಮತ್ತೆ ನನ್ನ ನಡುಬೆರಳು. ಕೊನೆಯದು ಅವನದು.

ರಾಯ್ನಾ.

"ಇಲ್ಲೇ ಇದ್ದೀನಿ ಕಣೋ," ಅಂದೆ. "ಇನ್ನೊಂದು ಸಲ ಹೊಡಿ. ತಾಳ ತಪ್ತಾ ಇದೆ."

ಅವನು ತಲೆಯನ್ನು ಅಡ್ಡಕ್ಕೆ ಆಡಿಸಿ, ಮತ್ತೆ ಮೊದಲಿಂದ ಶುರು ಮಾಡಿದ.